ಬೇಲಿ ಹಾಕುವವರು ಯಾರು, ಕಾಯುವವರು ಯಾರು?

ಬೇಲಿ ಎಂದೊಡನೆ ಮಲೆನಾಡಿನ ನಮ್ಮಂಥವರ ಕಣ್ಣೆದುರು ನಿಲ್ಲುವುದು ಆನೆಯೇ. ಆನೆ ಕಂದಕ, ಸೌರಬೇಲಿ, ನಾಗರಹೊಳೆಯ ಅಂಚಿನಲ್ಲಿ ಹಳೆಯ ರೈಲು ಹಳಿಗಳಿಂದ ಕಟ್ಟಿದ ತಡೆಬೇಲಿ ಇವುಗಳ ಕುರಿತು ಈ ಪುಟಗಳಲ್ಲೂ ನಮ್ಮ ಸಭೆಗಳಲ್ಲೂ ಬೇಕಾದಷ್ಟು ಚರ್ಚೆ ನಡೆದಿದೆ. 2018ರ ಡಿಸೆಂಬರಿನಲ್ಲಿ ಅಂಥ ಹಳಿಬೇಲಿಯನ್ನು ದಾಟಲೆತ್ನಿಸಿದ ಗಂಡಾನೆಯೊಂದು ಅದರ ಮೇಲೆಯೇ ಸಿಲುಕಿ ಪ್ರಾಣಬಿಟ್ಟ ಚಿತ್ರವನ್ನು ಪತ್ರಿಕೆಗಳಲ್ಲಿ ಕಂಡ ಮೇಲಂತೂ ಬೇಲಿಯೆಂಬುದು ವನ್ಯಜೀವಿಯ ಶತ್ರು ಎಂಬ ನಮ್ಮ ನಿಲುವು ಮತ್ತಷ್ಟು ಗಟ್ಟಿಯಾಗಿದೆ. ಈ ನಿಲುವಿನಲ್ಲಿ ಸತ್ಯಾಂಶವಿದೆ. ಆದರೆ ಘಟ್ಟದ ನೆರಳಿನಲ್ಲಿ ಕುಳಿತು ರೂಪಿಸಿಕೊಂಡ ನಿಲುವನ್ನು ಇಡೀ ರಾಜ್ಯಕ್ಕೆ ಅನ್ವಯಿಸುವ ಮೊದಲು ಒಮ್ಮೆ ಬಯಲುಸೀಮೆಯತ್ತ ನೋಡುವುದು ಒಳ್ಳೆಯದೆಂದು ನನಗನಿಸುತ್ತದೆ.

ಕೃಷಿ ಸಂಶೋಧನೆಯ ಕೆಲಸದ ನಿಮಿತ್ತ ನಾನು ಹಲವು ವರ್ಷಗಳಿಂದ ಕಲಬುರಗಿಗೂ ಅಲ್ಲಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರದ ಕಮಲಾಪುರಕ್ಕೂ ಹೋಗಿಬರುತ್ತಿದ್ದೇನೆ. ಕಲಬುರಗಿ ತೊಗರಿಯ ಕಣಜ. ಅಲ್ಲಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಕಮಲಾಪುರದ ಕೆಂಪುಬಾಳೆಗೂ ಅದೇ ಮನ್ನಣೆಯಿದೆ. ತೊಗರಿ ಆರು ತಿಂಗಳ ಬೆಳೆ. ಮುಂಗಾರಿನಲ್ಲಿ ಬಿತ್ತಿದ್ದನ್ನು ಡಿಸೆಂಬರ್–ಜನವರಿಯ ತನಕ ಕಾಯಬೇಕು. ಕೆಂಪುಬಾಳೆಯ ಗೊನೆ ಕೈಗೆ ಬರಲು ಸುಮಾರು ಹದಿನೆಂಟು ತಿಂಗಳು ಬೇಕು. ಕಾಡುಹಂದಿಗಳ ಹಿಂಡು ಒಂದು ರಾತ್ರಿ ತೋಟಕ್ಕೆ ನುಗ್ಗಿ ಗೆಡ್ಡೆಯನ್ನು ಬಗೆದು ಹೋಯಿತೆಂದರೆ ರೈತ ಕಳೆದುಕೊಳ್ಳುವುದು ಒಂದು ರಾತ್ರಿಯ ನಿದ್ದೆಯನ್ನಷ್ಟೇ ಅಲ್ಲ, ಒಂದೂವರೆ ವರ್ಷದ ದುಡಿಮೆಯನ್ನು. ಎರೆ ಹೊಲಗಳಲ್ಲಿ ಎಳೆಯ ತೊಗರಿ ಮತ್ತು ಕಡಲೆಯ ಚಿಗುರಿಗೆ ಚಿಗರಿಗಳು, ಎಂದರೆ ಕೃಷ್ಣಮೃಗಗಳು, ಬಾಯಿ ಹಾಕುತ್ತವೆ. ಕಾಯಿ ಕಟ್ಟಿದ ಮೇಲೆ ಹಂದಿಗಳ ಸರದಿ.

ಇದಕ್ಕೆ ಅಲ್ಲಿನ ರೈತರು ಮಾಡದ ಉಪಾಯವಿಲ್ಲ. ಮನೆಯ ಹಳೆ ಸೀರೆಗಳನ್ನೆಲ್ಲ ಗೂಟಗಳಿಗೆ ಸುತ್ತಿ ಹೊಲದ ಸುತ್ತ ಕಟ್ಟುತ್ತಾರೆ. ಅಟ್ಟಣೆಯ ಮೇಲೆ ರಾತ್ರಿಯಿಡೀ ಕುಳಿತು ಡಬ್ಬ ಬಡಿಯುತ್ತಾರೆ. ಕವಣೆ ಬೀಸುವ ಹುಡುಗರು ಈಗ ಊರಲ್ಲಿ ಉಳಿದಿಲ್ಲ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿದ್ದಾರೆ. ಆದ್ದರಿಂದಲೇ ಅಟ್ಟಣೆಯ ಮೇಲೆ ಕಾಣುವುದು ಬಹುತೇಕ ವಯಸ್ಸಾದವರು. ಇವರೊಡನೆ ಮಾತಿಗೆ ಕುಳಿತರೆ ಕೊನೆಗೆ ಬಂದು ನಿಲ್ಲುವ ಬೇಡಿಕೆ ಒಂದೇ: “ಸರ್ಕಾರದವರು ಅಡವಿಗೆ ಸುತ್ತ ಬೇಲಿ ಹಾಕಿಬಿಡಲಿ, ಸಾಹೇಬ್ರ. ಅವು ಅಲ್ಲೇ ಇರಲಿ, ನಾವು ಇಲ್ಲೇ ಇರ್ತೀವಿ.”

ಕೇಳಲು ನ್ಯಾಯವಾಗಿಯೇ ಇರುವ ಈ ಬೇಡಿಕೆಯನ್ನು ಒಂದು ಸರ್ಕಾರ ಹಿಂದೊಮ್ಮೆ ನಿಜವಾಗಿ ಈಡೇರಿಸಲು ಹೊರಟಿತ್ತು. ಅದು ನಡೆದದ್ದು ಆಸ್ಟ್ರೇಲಿಯದಲ್ಲಿ. ತಡೆಯಬೇಕಾಗಿದ್ದ ಪ್ರಾಣಿ ಮೊಲ.

1859ರಲ್ಲಿ ವಿಕ್ಟೋರಿಯಾ ಪ್ರಾಂತದ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ಬೇಟೆಯ ಖಯಾಲಿಗಾಗಿ ಇಂಗ್ಲೆಂಡಿನಿಂದ 24 ಮೊಲಗಳನ್ನು ತರಿಸಿಕೊಂಡು ತನ್ನ ಬಾರ್ವನ್ ಪಾರ್ಕ್ ಎಸ್ಟೇಟಿನಲ್ಲಿ ಬೆಳೆಸಿದ. ಅದಕ್ಕೂ ಮುಂಚೆ, 1788ರಿಂದಲೇ, ಸಾಕುಮೊಲಗಳು ಆ ನೆಲಕ್ಕೆ ಬಂದಿದ್ದವು; ಅವು ಖಂಡವನ್ನು ಆಕ್ರಮಿಸಿರಲಿಲ್ಲ. ಆ ಖಂಡವನ್ನು ತುಂಬಿದ ಮೊಲಗಳ ಮೂಲ ಪ್ರಧಾನವಾಗಿ ಆಸ್ಟಿನ್ನನ ಆ ಒಂದು ಹಡಗಿನ ಸರಕೇ ಎಂಬುದನ್ನು 2022ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನ ತೋರಿಸಿಕೊಟ್ಟಿತು. ನಮ್ಮ ಹೊಲಗಳಲ್ಲಿ ಕಾಣುವ ಮೊಲ ಬೇರೆ ಜಾತಿ. ಅದು ಈ ನೆಲದ್ದೇ, ಬಿಲ ತೋಡುವುದಿಲ್ಲ, ಒಂಟಿಯಾಗಿ ಬಾಳುತ್ತದೆ. ಯುರೋಪಿನ ಮೊಲವಾದರೋ ನೆಲದೊಳಗೆ ಕವಲು ಕವಲಾಗಿ ಸುರಂಗ ತೋಡಿ ಕೇರಿ ಕಟ್ಟಿಕೊಂಡು ಸಂಸಾರ ಹೂಡುವ ಪ್ರಾಣಿ. ಹೊಸ ನೆಲದಲ್ಲಿ ಅದಕ್ಕೆ ಸರಿಸಮನಾದ ಶತ್ರುಗಳಿರಲಿಲ್ಲ. ಮೆದು ಮಣ್ಣು, ಕುರಿಗಾಗಿ ತೆರವು ಮಾಡಿದ ಹುಲ್ಲುಗಾವಲು ಎಲ್ಲವೂ ಅನುಕೂಲವಾಗಿದ್ದವು. ವರ್ಷಕ್ಕೆ ಸುಮಾರು ನೂರು ಕಿ.ಮೀ. ವೇಗದಲ್ಲಿ ಅದು ಪಶ್ಚಿಮಕ್ಕೆ ಹಬ್ಬಿತು.

ಪಶ್ಚಿಮ ಆಸ್ಟ್ರೇಲಿಯದ ಸರ್ಕಾರ 1901ರಲ್ಲಿ ವಿಚಾರಣಾ ಆಯೋಗ ನೇಮಿಸಿ, ಅದೇ ವರ್ಷ ಬೇಲಿಯ ಕೆಲಸ ಆರಂಭಿಸಿತು. ದಕ್ಷಿಣದ ಕಡಲಿನಿಂದ ಉತ್ತರದ ಕಡಲಿನವರೆಗೆ ಎಳೆದ ಮೊದಲ ಬೇಲಿಯ ಉದ್ದ 1,833 ಕಿ.ಮೀ. ತಂತಿಜಾಲರಿಯ ಬುಡವನ್ನು ಅರ್ಧ ಅಡಿಯಷ್ಟು ನೆಲದೊಳಗೆ ಹೂಳಲಾಯಿತು, ಮೊಲ ಅಡಿಯಿಂದ ತೋಡಿಕೊಂಡು ಬಾರದಿರಲೆಂದು. ಆದರೆ ಮೊದಲನೆಯ ಬೇಲಿಯ ಕೆಲಸ ಇನ್ನೂ ನಡೆದಿರುವಾಗಲೇ, 1902ರಷ್ಟರಲ್ಲಿ, ಅದರ ಪಶ್ಚಿಮಕ್ಕೆ ಮೊಲಗಳು ಕಾಣಿಸಿಕೊಂಡವು. ಇನ್ನಷ್ಟು ಪಶ್ಚಿಮಕ್ಕೆ ಸರಿದು ಎರಡನೆಯ ಬೇಲಿ, ಅದನ್ನು ಕೂಡಿಕೊಂಡು ಮೂರನೆಯದು. 1907ರಲ್ಲಿ ಕೆಲಸ ಮುಗಿದಾಗ ಮೂರರ ಒಟ್ಟು ಉದ್ದ 3,256 ಕಿ.ಮೀ. ಮೊಲ ಮಾತ್ರ ಒಳಗೇ ಇತ್ತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ನಗುತ್ತಾರೆ. ನಮ್ಮ ಬಳಗದಲ್ಲೂ ಬೇಲಿಗಳ ನಿರರ್ಥಕತೆಗೆ ಇದನ್ನೇ ನಿದರ್ಶನವಾಗಿ ಕೊಡುವುದನ್ನು ಕೇಳಿದ್ದೇನೆ. ಆದರೆ ಕೃಷಿವಿಜ್ಞಾನದ ವಿದ್ಯಾರ್ಥಿಯಾಗಿ ನನಗೆ ಕುತೂಹಲಕರವೆನಿಸುವುದು ತಂತಿಯ ಕಥೆಯಲ್ಲ, ತಂತಿಯ ಪಕ್ಕದಲ್ಲಿ ನಡೆದವರ ಕಥೆ. ಆ ಬೇಲಿಯನ್ನು ತುಂಡು ತುಂಡಾಗಿ ಹಂಚಿಕೊಂಡು ಕಾಯುವ ಗಸ್ತುಗಾರರಿದ್ದರು. ಒಬ್ಬೊಬ್ಬನ ಪಾಲಿಗೆ ನೂರಾರು ಕಿ.ಮೀ. ಬೀಳುತ್ತಿತ್ತು. ಒಂಟೆಗಾಡಿಯಲ್ಲಿ ಸಾಮಾನು ಹೇರಿಕೊಂಡು ಅವರು ಆ ಮರುಭೂಮಿಯಂಚಿನಲ್ಲಿ ಹೋಗಿಬರುತ್ತಿದ್ದರು. (ಆ ಖಂಡಕ್ಕೆ ಒಂಟೆಗಳೂ ಒಂಟೆ ನಡೆಸುವವರೂ ಹೋದದ್ದು ಹೆಚ್ಚಾಗಿ ಅಂದಿನ ಬ್ರಿಟಿಷ್ ಇಂಡಿಯಾದ ಕರಾಚಿ ಬಂದರಿನಿಂದ. ಕೆಲಸ ಮುಗಿದ ಮೇಲೆ ಕೈಬಿಟ್ಟ ಒಂಟೆಗಳು ಕಾಡುಬಿದ್ದು ಈಗ ಅವೇ ಒಂದು ಪಿಡುಗಾಗಿವೆ ಎಂಬುದು ಇನ್ನೊಂದು ವಿಪರ್ಯಾಸ.) ಗಾಳಿ ಮರಳನ್ನು ತಂದು ಜಾಲರಿಗೆ ಒಟ್ಟುತ್ತದೆ, ಮೊಲ ಅದರ ಮೇಲೆ ನಡೆದು ದಾಟುತ್ತದೆ. ಮಳೆ ಬಂದರೆ ಹಳ್ಳ ಬೇಲಿಯನ್ನು ಕೊಚ್ಚುತ್ತದೆ. ದಾರಿಹೋಕ ಗೇಟು ಮುಚ್ಚುವುದಿಲ್ಲ. ಇಷ್ಟನ್ನೂ ಒಬ್ಬನೇ ಸರಿಪಡಿಸಬೇಕು, ಮತ್ತೆ ಅಲ್ಲಿಗೆ ಬರುವುದು ವಾರಗಳ ಅನಂತರ. ಜಾಲರಿಗೆ ಧಾರಾಳವಾಗಿ ಹಣ ಕೊಟ್ಟ ಸರ್ಕಾರ ಕಾವಲಿಗೆ ಕೊಟ್ಟದ್ದು ಬೆರಳೆಣಿಕೆಯ ಜನರನ್ನು.

ಹೋಲಿಸಿ ನೋಡಲು ಅದೇ ದೇಶದಲ್ಲಿ ಇನ್ನೊಂದು ಬೇಲಿಯಿದೆ. ಕ್ವೀನ್ಸ್‌ಲ್ಯಾಂಡಿನ ಡಾರ್ಲಿಂಗ್ ಡೌನ್ಸ್ ಎಂಬ ಫಲವತ್ತಾದ ಸೀಮೆಗೆ 1893ರಿಂದ ಮೊಲಬೇಲಿಯನ್ನು ಕಟ್ಟಿ ಬೆಳೆಸಿಕೊಂಡು ಬಂದರು. ಅದರ ಉದ್ದ ಐನೂರು ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ಅದಕ್ಕೊಂದು ಮಂಡಳಿಯಿತ್ತು. ಆ ಪ್ರದೇಶದ ಸ್ಥಳೀಯ ಸಂಸ್ಥೆಗಳೇ ಅದಕ್ಕೆ ವಂತಿಗೆ ಕೊಡುತ್ತಿದ್ದವು, ಬೇಲಿಯನ್ನು ನಿತ್ಯ ನೋಡಿಕೊಳ್ಳುವ ಸಂಬಳದ ನೌಕರರಿದ್ದರು. ಒಳಗೆ ಒಂದು ಮೊಲ ಕಂಡರೂ ಬಿಲವನ್ನು ಹುಡುಕಿ ಕೆಡಹುವುದು ಅವರ ಕೆಲಸದ ಭಾಗವಾಗಿತ್ತು. ಕ್ವೀನ್ಸ್‌ಲ್ಯಾಂಡಿನಲ್ಲಿ ಮನೆಯಲ್ಲಿ ಮೊಲ ಸಾಕುವುದಕ್ಕೂ ನಿಷೇಧವಿದೆ. ಆ ಸೀಮೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಮೊಲದ ಪಿಡುಗಿನಿಂದ ಬಹುಮಟ್ಟಿಗೆ ಪಾರಾಗಿ ಉಳಿದಿದೆ. ಎರಡೂ ಕಡೆ ತಂತಿ ಒಂದೇ, ಮೊಲವೂ ಒಂದೇ. ಒಂದು ಬೇಲಿ ಖಂಡದ ಮೇಲೆ ಎಳೆದ ಗೆರೆ. ಇನ್ನೊಂದು, ಜನ ತಮ್ಮದೆಂದು ಕಾಯ್ದುಕೊಂಡ ಸೀಮೆಯ ಅಂಚು.

ಉದ್ದಗೆರೆಯ ಬೇಲಿಯಿಂದ ಉಂಟಾದ ಇತರ ಪರಿಣಾಮಗಳನ್ನೂ ಮರೆಯುವಂತಿಲ್ಲ. 1976ರ ಬರಗಾಲದಲ್ಲಿ ನೀರು ಅರಸಿ ಹೊರಟ ಎಮು ಪಕ್ಷಿಗಳು ಅಸಂಖ್ಯವಾಗಿ ಆ ಬೇಲಿಯ ಬುಡಕ್ಕೆ ಬಂದು ಸಾವಿಗೀಡಾದವು. ಮೊಲ ತಡೆಯದ ಬೇಲಿ ಎಮುವನ್ನು ತಡೆಯಿತು. ಕೊನೆಗೆ ಮೊಲಗಳ ಸಂಖ್ಯೆಯನ್ನು ನಿಜವಾಗಿ ಕುಗ್ಗಿಸಿದ್ದು 1950ರಲ್ಲಿ ಬಿಡುಗಡೆ ಮಾಡಿದ ಮಿಕ್ಸೋಮಾ ವೈರಾಣು. ಕೆಲವೇ ವರ್ಷಗಳಲ್ಲಿ ಮೊಲಗಳು ಅದಕ್ಕೂ ನಿರೋಧಶಕ್ತಿ ಬೆಳೆಸಿಕೊಳ್ಳತೊಡಗಿದವು. 1995ರಲ್ಲಿ ಪ್ರಯೋಗ ನಡೆಯುತ್ತಿದ್ದ ದ್ವೀಪದಿಂದ ಇನ್ನೊಂದು ವೈರಾಣು ತಪ್ಪಿಸಿಕೊಂಡು ಮುಖ್ಯಭೂಮಿಗೆ ಹಬ್ಬಿತು. ಆ ಹೋರಾಟ ಇನ್ನೂ ಮುಗಿದಿಲ್ಲ.

ಇಲ್ಲಿಂದ ಕಮಲಾಪುರಕ್ಕೆ ಹಿಂತಿರುಗುವ ಮುನ್ನ ಒಂದು ವ್ಯತ್ಯಾಸವನ್ನು ಸ್ಪಷ್ಟಪಡಿಸಬೇಕು. ಆಸ್ಟ್ರೇಲಿಯದ ಮೊಲ ಪರದೇಶಿ. ನಮ್ಮ ಚಿಗರಿ, ಹಂದಿಗಳು ಈ ನೆಲದ ಮೂಲನಿವಾಸಿಗಳು. ಅವು ಹೊಲಕ್ಕೆ ಬರುವುದಕ್ಕೆ ಅವುಗಳ ಸ್ವಭಾವಕ್ಕಿಂತಲೂ ನಾವು ಭೂಮಿಯನ್ನು ಬದಲಿಸಿದ ಬಗೆ ಕಾರಣ. ಚಿಗರಿ ಬಾಳುವುದು ದಟ್ಟ ಕಾಡಿನಲ್ಲಲ್ಲ, ಬಯಲು ಹುಲ್ಲುಗಾವಲಿನಲ್ಲಿ. ಕಲಬುರಗಿಯ ಸೀಮೆಯಲ್ಲಿ ಅಂಥ ಹುಲ್ಲುಗಾವಲು ಬಹುತೇಕ ಹೊಲವಾಗಿದೆ. ಹಂದಿಯನ್ನೂ ಚಿಗರಿಯನ್ನೂ ಹದ್ದಿನಲ್ಲಿಟ್ಟಿದ್ದ ತೋಳ, ಚಿರತೆಗಳು ಬಯಲಿನಿಂದ ಸರಿದುಹೋಗಿವೆ. ಚಿಂಚೋಳಿಯಲ್ಲಿ 2011ರಲ್ಲಿ ಘೋಷಿಸಿದ ವನ್ಯಜೀವಿಧಾಮದ ವಿಸ್ತಾರ 134.88 ಚದರ ಕಿ.ಮೀ. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂದು ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಅದರ ಸುತ್ತ ಬೇಲಿ ಎಳೆದರೂ ಕಮಲಾಪುರದ ಹಂದಿ ನಿಲ್ಲದು, ಏಕೆಂದರೆ ಆ ಹಂದಿ ಇರುವುದು ವನ್ಯಜೀವಿಧಾಮದಲ್ಲಲ್ಲ, ಊರ ಪಕ್ಕದ ಹಳ್ಳದ ಬಳ್ಳಾರಿ ಜಾಲಿಯ ಕಂಟಿಯಲ್ಲಿ.

ಬಳ್ಳಾರಿ ಜಾಲಿಯ ಚರಿತ್ರೆ ಇಲ್ಲಿ ಪ್ರಸ್ತುತ. ಈ ಅಮೆರಿಕಾ ಮೂಲದ ಮುಳ್ಳುಗಿಡದ ಬೀಜ 1877ರಲ್ಲಿ ಮದ್ರಾಸ್ ಪ್ರಾಂತಕ್ಕೆ ಬಂತು. ಮೊದಲು ನೆಟ್ಟ ಜಾಗಗಳಲ್ಲೊಂದರ ಹೆಸರು ಕಮಲಾಪುರಂ, ನಮ್ಮ ಕಮಲಾಪುರವಲ್ಲ, ಕಡಪ ಜಿಲ್ಲೆಯದು. ಬರಡು ನೆಲ ಹಸಿರಾಗಲಿ, ಸೌದೆಯಾಗಲಿ, ಹೊಲಕ್ಕೆ ಜೀವಂತ ಬೇಲಿಯಾಗಲಿ ಎಂಬ ಸದುದ್ದೇಶ ಅದರ ಹಿಂದಿತ್ತು. ದನಕರುಗಳು ಕಾಯಿ ತಿಂದು ಬೀಜವನ್ನು ಎಲ್ಲೆಡೆ ಬಿತ್ತಿದವು. ಗೋಮಾಳ, ಕೆರೆಯಂಗಳ, ಹಳ್ಳದ ದಂಡೆ ಒಂದೊಂದಾಗಿ ಅದರ ಪಾಲಾದವು. ಹಗಲು ಹಂದಿಗೆ ಅಡಗುದಾಣ ಒದಗಿಸುತ್ತಿರುವುದು ಈಗ ಅದೇ ಗಿಡ. ಬೇಲಿಯೇ ಎದ್ದು ಹೊಲ ಮೇಯಿತೆಂಬ ಗಾದೆಗೆ ಇದಕ್ಕಿಂತ ಅಕ್ಷರಶಃ ನಿದರ್ಶನ ನನಗೆ ಗೊತ್ತಿಲ್ಲ. ನಮ್ಮ ಮಲೆನಾಡಿನಲ್ಲಿ ಉದ್ಯಾನದ ಅಲಂಕಾರಕ್ಕೂ ಬೇಲಿಗೂ ಬಂದ ಲಂಟಾನ ಮಾಡಿದ್ದೂ ಇದನ್ನೇ. ಹಂದಿಯ ಹಾವಳಿಗೆ ಪರಿಹಾರ ಹುಡುಕುವವರು ತಂತಿಯ ಅಂಗಡಿಗೆ ಹೋಗುವ ಮುನ್ನ ಹಳ್ಳದ ಜಾಲಿಯನ್ನು ಬೇರುಸಹಿತ ತೆಗೆದು ಅಲ್ಲಿ ಹುಲ್ಲು, ಸ್ಥಳೀಯ ಮರಗಳನ್ನು ಬೆಳೆಸುವ ವಿಚಾರ ಮಾಡಬೇಕು. ಕಡಿದರೆ ಸಾಲದು, ಬುಡದಿಂದ ಮತ್ತೆ ಚಿಗುರುವ ಗಿಡ ಅದು.

ಈಗ ನಡೆಯುತ್ತಿರುವುದೇನು? ಒಬ್ಬೊಬ್ಬ ರೈತನೂ ತನ್ನ ಹೊಲಕ್ಕೆ ತಾನೇ ಬೇಲಿ ಹಾಕಿಕೊಳ್ಳುತ್ತಾನೆ. ಅನುಕೂಲಸ್ಥ ಸೌರಬೇಲಿ ಹಾಕಿಸುತ್ತಾನೆ. ಅವನ ಹೊಲಕ್ಕೆ ಹೋಗದ ಹಂದಿ ಪಕ್ಕದ ಬಡವನ ಹೊಲಕ್ಕೆ ಹೋಗುತ್ತದೆ. ಬಡವ ಸೀರೆ ಕಟ್ಟುತ್ತಾನೆ. ಸೀರೆಗೆ ಹಂದಿ ಒಗ್ಗಿಕೊಂಡ ಮೇಲೆ, ಹತಾಶೆಯಿಂದ, ಪಂಪ್‌ಸೆಟ್ಟಿನ ತಂತಿಯಿಂದ ನೇರವಾಗಿ ವಿದ್ಯುತ್ತನ್ನು ಬೇಲಿಗೆ ಹರಿಸುವವರೂ ಇದ್ದಾರೆ. ಈ ಎರಡು ಬೇಲಿಗಳ ಭೇದವನ್ನು ನಮ್ಮ ಓದುಗರೂ ಸರಿಯಾಗಿ ತಿಳಿದಿರಬೇಕು. ಸೌರಬೇಲಿಯ ಯಂತ್ರ ಸಾವಿರಾರು ವೋಲ್ಟಿನ ಮಿಡಿತವನ್ನು ಸೆಕೆಂಡಿಗೆ ಹೆಚ್ಚುಕಡಿಮೆ ಒಂದರಂತೆ, ಅದೂ ಸೆಕೆಂಡಿನ ಅತ್ಯಲ್ಪ ಭಾಗದಷ್ಟು ಕಾಲ ಮಾತ್ರ ಕಳಿಸುತ್ತದೆ. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಲೈನಿನಿಂದ ಎಳೆದ 230 ವೋಲ್ಟಿನ ವಿದ್ಯುತ್ತು ಎಡೆಬಿಡದೆ ಹರಿಯುತ್ತದೆ. ಸ್ನಾಯುಗಳು ಸೆಟೆದು, ಹಿಡಿದ ಕೈ ತಂತಿಯನ್ನು ಬಿಡಲಾಗದೆ ಸಾವು ಬರುತ್ತದೆ. ಅದು ಹಂದಿಯನ್ನು ಕೊಂದಂತೆಯೇ ನೀರು ಕಟ್ಟಲು ಹೋದ ಪಕ್ಕದ ಹೊಲದವನನ್ನೂ, ಮೇವಿಗೆ ಬಂದ ಹೆಣ್ಣುಮಗಳನ್ನೂ, ಕೆಲವೊಮ್ಮೆ ತಂತಿ ಎಳೆದವನನ್ನೇ ಕೊಲ್ಲುತ್ತದೆ. ವರ್ಷವರ್ಷವೂ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಇಂಥ ಸುದ್ದಿಗಳು ನಾಲ್ಕು ಸಾಲಿನಲ್ಲಿ ಬಂದು ಹೋಗುತ್ತವೆ.

ಬೇಲಿಯನ್ನೇ ವಿರೋಧಿಸುತ್ತೇವೆಂಬ ನಮ್ಮ ನಿಲುವು ಈ ರೈತನಿಗೆ ಏನನ್ನು ಹೇಳುತ್ತದೆ? ಕೊಲ್ಲಬೇಡ ಎನ್ನುತ್ತೇವೆ, ಸರಿ. 2015–16ರಲ್ಲಿ ಬಿಹಾರ ನೀಲಗಾಯಿ ಮತ್ತು ಕಾಡುಹಂದಿಯನ್ನೂ, ಉತ್ತರಾಖಂಡ ಕಾಡುಹಂದಿಯನ್ನೂ, ಹಿಮಾಚಲ ಪ್ರದೇಶ ಕೋತಿಯನ್ನೂ ‘ಪೀಡಕ’ ಪಟ್ಟಿಗೆ ಸೇರಿಸಿಕೊಂಡಾಗ ನಾವು ಪ್ರತಿಭಟಿಸಿದ್ದು ನ್ಯಾಯವೇ ಆಗಿತ್ತು. ಬೇಲಿಯೂ ಬೇಡ ಎನ್ನುತ್ತೇವೆ. ಉಳಿಯುವುದು ಪರಿಹಾರಧನ. 2025ರ ನವೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯವು ವನ್ಯಪ್ರಾಣಿಗಳಿಂದಾದ ಬೆಳೆನಷ್ಟವನ್ನು 2026ರ ಮುಂಗಾರಿನಿಂದ ಫಸಲ್ ಬಿಮಾ ಯೋಜನೆಯ ವ್ಯಾಪ್ತಿಗೆ ತರುವುದಾಗಿ ಪ್ರಕಟಿಸಿತು. 72 ಗಂಟೆಗಳೊಳಗೆ ಮೊಬೈಲ್ ಆಪ್‌ನಲ್ಲಿ ಚಿತ್ರಸಹಿತ ದೂರು ದಾಖಲಿಸಬೇಕು. ಸ್ವಾಗತಾರ್ಹವೇ ಸರಿ. ಆದರೆ ಅಟ್ಟಣೆಯ ಮೇಲಿನ ಆ ಮುದುಕನ ಕೈಯಲ್ಲಿ ಎಂಥ ಮೊಬೈಲ್ ಇದೆಯೆಂಬುದನ್ನು ನೋಡಿದವರಿಗೆ ಇದರ ಮಿತಿಯೂ ತಿಳಿಯುತ್ತದೆ. ಪರಿಹಾರ ಬೆಳೆಯ ಬೆಲೆಯನ್ನು ಕೊಟ್ಟೀತು, ನಿದ್ದೆಯನ್ನು ಕೊಡದು.

ಆದ್ದರಿಂದ ನಾವು ಬೇಲಿಯ ಪರ ಮಾತನಾಡಬೇಕು, ಆದರೆ ಯಾವ ಬೇಲಿ ಎಂಬುದನ್ನು ಹೇಳಿ ಮಾತನಾಡಬೇಕು. ಕಾಡಿಗೆ ಬೇಲಿ ಬೇಡ, ಬೆಳೆಗೆ ಬೇಲಿ ಬೇಕು. ಅದೂ ಒಬ್ಬೊಬ್ಬರದಲ್ಲ, ಊರಿನದು. ಇದಕ್ಕೆ ಸರಳ ಲೆಕ್ಕವಿದೆ. ಒಂದು ಎಕರೆಯ ಚೌಕ ಹೊಲದ ಸುತ್ತಳತೆ ಸುಮಾರು 835 ಅಡಿ. ನೂರು ಎಕರೆಯ ಚೌಕಕ್ಕೆ ಸುತ್ತಳತೆ ಸುಮಾರು 8,350 ಅಡಿ, ಎಂದರೆ ಎಕರೆಗೆ 83 ಅಡಿಯಷ್ಟೇ. ನೂರು ಎಕರೆಯವರು ಕೂಡಿದರೆ ತಂತಿಯ ಖರ್ಚು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. ಉಳಿದ ಹಣದಲ್ಲಿ ವರ್ಷವಿಡೀ ಕಾವಲುಗಾರನನ್ನು ಇಡಬಹುದು. ಸೌರಬೇಲಿಗೆ ಕಾವಲುಗಾರ ಅನಿವಾರ್ಯ. ಮಳೆಗಾಲದಲ್ಲಿ ತಂತಿಗೆ ಹುಲ್ಲು ತಾಗಿದರೆ ವಿದ್ಯುತ್ತು ನೆಲಕ್ಕೆ ಸೋರುತ್ತದೆ, ಬ್ಯಾಟರಿಯ ನೀರು ಬತ್ತಿದರೆ ಯಂತ್ರ ನಿಲ್ಲುತ್ತದೆ. ಹಂದಿ ತಂತಿಯನ್ನು ಹಾರುವುದಿಲ್ಲ, ಅಡಿಯಲ್ಲಿ ನುಸುಳುತ್ತದೆ. ಕೆಳಗಿನ ತಂತಿ ನೆಲದಿಂದ ಮುಕ್ಕಾಲು ಅಡಿಗಿಂತ ಮೇಲಿದ್ದರೆ ಅದು ಇದ್ದೂ ಇಲ್ಲದಂತೆ. ಸಹಾಯಧನದಲ್ಲಿ ಹಾಕಿಸಿಕೊಂಡು ಎರಡನೆಯ ವರ್ಷಕ್ಕೆ ಬಟ್ಟೆ ಒಣಹಾಕುವ ಹಗ್ಗವಾದ ಸೌರಬೇಲಿಗಳನ್ನು ನಾನು ಕಂಡಿದ್ದೇನೆ. ಕಲಬುರಗಿ ನಗರದ ನಡುವೆಯೇ ಬಹಮನಿ ಕೋಟೆಯಿದೆ. ಗೋಡೆಯೂ ಕಂದಕವೂ ಎಷ್ಟೇ ಭದ್ರವಾಗಿದ್ದರೂ ಬುರುಜಿನ ಮೇಲೆ ಜನ ಇಲ್ಲದ ಕೋಟೆ ಎಷ್ಟು ಹೊತ್ತು ನಿಂತೀತೆಂಬುದನ್ನು ಆ ಊರಿನವರಿಗೆ ಹೊರಗಿನವರು ಹೇಳಿಕೊಡಬೇಕಾಗಿಲ್ಲ.

ಹೀಗಾಗಿ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ಬದಲಾಗಬೇಕು. ಬೇಲಿಯ ಸಹಾಯಧನವನ್ನು ವ್ಯಕ್ತಿಗೆ ಕೊಡುವ ಬದಲು ಹೊಲಗಳ ಗುಂಪಿಗೆ ಕೊಡಲಿ. ಮಂಜೂರಾದ ಮೊತ್ತದಲ್ಲಿ ಮೂರನೆಯ ಒಂದು ಪಾಲನ್ನಾದರೂ ಐದು ವರ್ಷಗಳ ಕಾವಲು ಮತ್ತು ದುರಸ್ತಿಗೆಂದು ಗ್ರಾಮ ಪಂಚಾಯಿತಿಯ ಖಾತೆಯಲ್ಲಿ ತೆಗೆದಿರಿಸಲಿ. ಬೇಲಿಯ ಗೆರೆ ಎಲ್ಲಿ ಹೋಗಬೇಕೆಂಬುದನ್ನು ಗುತ್ತಿಗೆದಾರ ನಿರ್ಧರಿಸದೆ ಗ್ರಾಮಸಭೆ ನಿರ್ಧರಿಸಲಿ. ಹಳ್ಳದ ದಾರಿ, ಚಿಗರಿ ಓಡಾಡುವ ಜಾಡು, ಕುರಿಗಾರರ ಹಾದಿ ತೆರೆದಿರಲಿ. ಭೂಹೀನ ಕುರಿಗಾರನ ಮಾತು ಗ್ರಾಮಸಭೆಯಲ್ಲಿ ನಡೆಯುವುದಿಲ್ಲವೆಂಬ ಆಕ್ಷೇಪ ನನಗೆ ಗೊತ್ತಿದೆ. ಅಲ್ಲಿ ನಮ್ಮಂಥ ಸಂಘಟನೆಗಳಿಗೆ ಕೆಲಸವಿದೆ.

ತಂತಿಯಿಲ್ಲದ ಬೇಲಿಯೊಂದರ ವಿಷಯ ಉಳಿಯಿತು. ಹಿಂಗಾರಿನ ಜೋಳ, ಕಡಲೆ, ಗೋಧಿಯ ಹೊಲದ ಸುತ್ತ ಕೆಲವು ಸಾಲು ಕುಸುಬೆ ಬಿತ್ತುವುದು ಕಲಬುರಗಿ–ವಿಜಯಪುರದ ಎರೆಸೀಮೆಯ ಹಳೆಯ ರೂಢಿ. ಮುಳ್ಳು ದನವನ್ನು ತಡೆಯುತ್ತಿತ್ತು, ಬೀಜ ಮನೆಗೆ ಎಣ್ಣೆಯಾಗುತ್ತಿತ್ತು. ಹೈದರಾಬಾದಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಕಾಡುಹಂದಿಯ ಕಾಟಕ್ಕೆ ಶೇಂಗಾದ ಸುತ್ತ ಒತ್ತಾಗಿ ನಾಲ್ಕು ಸಾಲು ಕುಸುಬೆಯನ್ನೂ ಮೆಕ್ಕೆಜೋಳದ ಸುತ್ತ ಔಡಲವನ್ನೂ ಬೆಳೆಯಲು ಶಿಫಾರಸು ಮಾಡಿದ್ದಾರೆ. ಇದು ಹಂದಿಯನ್ನು ಪೂರ್ತಿ ನಿಲ್ಲಿಸುತ್ತದೆಂದು ನಾನು ಹೇಳಲಾರೆ, ಹದಿನೆಂಟು ತಿಂಗಳ ಬಾಳೆಗಂತೂ ಸಾಲದು. ಆದರೆ ಇದಕ್ಕೆ ಬ್ಯಾಟರಿ ಬೇಡ, ಇದು ಯಾರನ್ನೂ ಕೊಲ್ಲುವುದಿಲ್ಲ. ತಾಳೆ ಎಣ್ಣೆಯ ಆಮದಿನ ಹೊಡೆತಕ್ಕೆ ಕುಸುಬೆಯ ಕ್ಷೇತ್ರ ಕುಗ್ಗಿತು. ಕೊಯ್ಲಿನವರ ಕೈ ಚುಚ್ಚುತ್ತದೆಂದು ನಾವು ವಿಜ್ಞಾನಿಗಳೇ ಮುಳ್ಳಿಲ್ಲದ ತಳಿಗಳನ್ನು ಹೊರತಂದೆವು. ಹೊಲದ ನಡುವೆ ಅವು ಇರಲಿ. ಅಂಚಿನ ನಾಲ್ಕು ಸಾಲಿಗೆ ಮುಳ್ಳಿನ ಕುಸುಬೆಯ ಬೀಜವನ್ನು ಸಣ್ಣ ಚೀಲಗಳಲ್ಲಿ, ಬಿತ್ತನೆಯ ಕಡಲೆಯ ಜೊತೆಗೇ, ರೈತ ಸಂಪರ್ಕ ಕೇಂದ್ರಗಳು ಸೆಪ್ಟೆಂಬರಿನೊಳಗೆ ಒದಗಿಸಬೇಕು. ಕಮಲಾಪುರದ ಕೆಲವು ರೈತರು ಈ ಅರ್ಜಿಗೆ ಸಹಿ ಹಾಕಲು ಒಪ್ಪಿದ್ದಾರೆ. ನಮ್ಮ ಬಳಗವೂ ಅವರ ಕೆಳಗೆ ಸಹಿ ಹಾಕಬೇಕೆಂದು ಮುಂದಿನ ಸಭೆಯಲ್ಲಿ ಕೇಳಲಿದ್ದೇನೆ.